ಕಲ್ಮನೆಯ ಊರು: ಬಾದಾಮಿಯ ಬಂಡೆ, ನೀರು ಮತ್ತು ಕನ್ನಡ

ಸಭೆಯ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ.

ಬಾದಾಮಿಯ ವಿಷಯವಾಗಿ ಮಾತನಾಡಬೇಕೆಂದು ತಾವು ಹೇಳಿಕಳುಹಿಸಿದಾಗ ಸಂತೋಷವೂ ಆಯಿತು, ಒಳಗೊಳಗೇ ಅಳುಕೂ ಆಯಿತು. ಸಂತೋಷವೇಕೆಂದರೆ, ವಿದ್ಯಾರ್ಥಿಯಾಗಿದ್ದ ಕಾಲದಿಂದ ಈವರೆಗೆ ನಾನು ಮತ್ತೆ ಮತ್ತೆ ಹೋಗಿಬಂದ ಊರು ಅದು. ಹೋದಾಗಲೆಲ್ಲ ಹಿಂದಿನ ಸಲ ಕಾಣದಿದ್ದ ಒಂದಾದರೂ ಸಂಗತಿ ಕಣ್ಣಿಗೆ ಬಿದ್ದಿದೆ. ಅಳುಕೇಕೆಂದರೆ, ಬಾದಾಮಿಯೆಂದರೆ ನಾಲ್ಕು ಗುಹೆ, ಒಂದು ಕೆರೆ, ಇಮ್ಮಡಿ ಪುಲಿಕೇಶಿ ಎಂಬುದು ಶಾಲೆಯ ಪಾಠದಿಂದಲೇ ನಮಗೆಲ್ಲ ಬಾಯಿಪಾಠವಾಗಿದೆ. ಹೀಗೆ ಬಾಯಿಪಾಠವಾದ ಊರನ್ನು ಮತ್ತೊಮ್ಮೆ ನೋಡುವಂತೆ ಮಾಡುವುದು ಸುಲಭವಲ್ಲ. ಆದ್ದರಿಂದ ಇಂದು ಅರಸರ ವಂಶಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಲು ಹೊರಡುವುದಿಲ್ಲ. ಆ ಬಂಡೆಗಳ ಮೇಲೆ ಯಾವ ಮಾತನ್ನು ಯಾವ ಭಾಷೆಯಲ್ಲಿ ಬರೆದಿದ್ದಾರೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ತಮ್ಮನ್ನು ಆ ಊರಿನೊಳಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ.

ಮೊದಲು ಊರು ಕುಳಿತಿರುವ ರೀತಿಯನ್ನು ನೋಡೋಣ. ಬಾಗಲಕೋಟೆ ಜಿಲ್ಲೆಯ ಕರಿಮಣ್ಣಿನ ಹೊಲಗಳನ್ನು ದಾಟಿ, ರೈಲು ನಿಲ್ದಾಣದಿಂದ ನಾಲ್ಕೈದು ಕಿಲೋಮೀಟರ್ ಒಳಗೆ ಬಂದರೆ ಕೆಂಪು ಮರಳುಗಲ್ಲಿನ ಎರಡು ಗುಡ್ಡಗಳು ಎದುರುಬದುರಾಗಿ ನಿಂತಿರುತ್ತವೆ. ಪೂರ್ವದ ಕಡೆ ಅವೆರಡೂ ಕೂಡಿಕೊಂಡು ಕುದುರೆಯ ಲಾಳದ ಆಕಾರದಲ್ಲಿ ಒಂದು ಕಣಿವೆಯನ್ನು ಸುತ್ತುವರಿದಿವೆ. ತೆರೆದಿರುವ ಪಶ್ಚಿಮದ ಬಾಯಿಗೆ ಒಡ್ಡು ಹಾಕಿ ನೀರು ನಿಲ್ಲಿಸಿದ್ದಾರೆ. ಅದೇ ಅಗಸ್ತ್ಯ ತೀರ್ಥ. ಒಡ್ಡಿನ ಈಚೆಗೆ ಊರು. ದಕ್ಷಿಣದ ಗುಡ್ಡವನ್ನು ರಣಮಂಡಲವೆಂದೂ ಉತ್ತರದ್ದನ್ನು ಬಾವನ್ ಬಂಡೆ ಕೋಟೆಯೆಂದೂ ಕರೆಯುತ್ತಾರೆ. ಜೋರಾಗಿ ಮಳೆ ಬಂದ ದಿನ ಗುಡ್ಡದ ನೆತ್ತಿಯಿಂದ ಕೆರೆಗೆ ನೀರು ಜೋಡಿ ಧಾರೆಯಾಗಿ ಧುಮುಕುತ್ತದೆ. ಜನ ಅದನ್ನು ಅಕ್ಕ-ತಂಗಿ ಎನ್ನುತ್ತಾರೆ. ಉಳಿದ ದಿನಗಳಲ್ಲಿ ಅಲ್ಲಿ ಕೇಳುವುದು ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸದ್ದು. ಒಗೆತದ ಒಂದು ಪೆಟ್ಟು ಬಿದ್ದ ಮರುಕ್ಷಣದಲ್ಲಿ ಎದುರು ಬಂಡೆಯಿಂದ ಅದರ ಮಾರುಲಿ ಬರುತ್ತದೆ. ಭೂತನಾಥ ಗುಡಿಯ ಕಟ್ಟೆಯ ಮೇಲೆ ಬೆಳಗಿನ ಹೊತ್ತು ಸುಮ್ಮನೆ ಕುಳಿತರೆ, ಇಡೀ ಕಣಿವೆಯೇ ಯಾರದೋ ಮನೆಯ ಹಿತ್ತಲಿನಂತೆ ಅನಿಸುತ್ತದೆ. ಸುಮಾರು 200 ವರ್ಷಗಳ ಕಾಲ ದಖ್ಖನ್ನಿನ ಬಹುಭಾಗವನ್ನು ಆಳಿದ ಚಲುಕ್ಯ ಮನೆತನದ ರಾಜಧಾನಿ ಇದು ಎಂಬುದನ್ನು ಆಗ ಮನಸ್ಸಿಗೆ ತಂದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಹಳೆಯ ಹೆಸರು ವಾತಾಪಿ. ಇಲ್ವಲ-ವಾತಾಪಿಯರೆಂಬ ರಕ್ಕಸ ಸೋದರರ ಕಥೆ ತಮಗೆಲ್ಲ ತಿಳಿದದ್ದೇ. ಕೂಸಿನ ಹೊಟ್ಟೆ ಸವರುತ್ತ ‘ವಾತಾಪಿ ಜೀರ್ಣೋಭವ’ ಎನ್ನುವ ಅಜ್ಜಿಯರು ಈಗಲೂ ನಮ್ಮಲ್ಲಿದ್ದಾರೆ. ಆ ಕಥೆಯ ಅಗಸ್ತ್ಯನ ಹೆಸರೇ ಕೆರೆಗೂ ಇದೆ. ಪುರಾಣವನ್ನು ಅಲ್ಲಿಗೆ ಬಿಟ್ಟು ಕಲ್ಲಿನ ಕಡೆಗೆ ತಿರುಗೋಣ.

ಈ ಮರಳುಗಲ್ಲು ಒಂದು ಕಾಲಕ್ಕೆ ಹೊಳೆಗಳು ತಂದು ಹಾಸಿದ ಮರಳಾಗಿತ್ತು. ನೆಲದ ಮೇಲೆ ಗಿಡಮರ ಹುಟ್ಟುವುದಕ್ಕೂ ಎಷ್ಟೋ ಕಾಲ ಮೊದಲು ಪದರದ ಮೇಲೆ ಪದರವಾಗಿ ಬಿದ್ದು, ಒತ್ತಡಕ್ಕೆ ಸಿಕ್ಕಿ ಕಲ್ಲಾಯಿತು. ಬಂಡೆಯ ಮೈಯನ್ನು ಹತ್ತಿರದಿಂದ ನೋಡಿದರೆ ಓರೆ ಓರೆಯಾಗಿ ಒಂದರ ಮೇಲೊಂದು ಸಾಗಿದ ಗೆರೆಗಳು ಕಾಣುತ್ತವೆ. ಅವು ಅಂದಿನ ನೀರು ಹರಿದ ದಿಕ್ಕಿನ ಗುರುತುಗಳು. ಬೆರಳಿನಿಂದ ಸವರಿದರೆ ಮರಳಿನ ಕಣ ಇಂದಿಗೂ ಕೈಗೆ ತಾಕುತ್ತದೆ. ಹಂಪಿಯ ಅಥವಾ ಚಿತ್ರದುರ್ಗದ ಕಣಶಿಲೆ ಉಳಿಗೆ ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ಲಕ್ಕುಂಡಿಯ ಬಳಪದ ಕಲ್ಲು ಮಣಿಯುತ್ತದೆ. ಆದರೆ ಅದನ್ನು ಕಡಿದು ತಂದು ಕಟ್ಟಬೇಕು. ಬಾದಾಮಿಯ ಕಲ್ಲು ಕಡಿದಾದ ಗೋಡೆಯಾಗಿ ನಿಂತಲ್ಲೇ ನಿಂತಿದೆ, ಉಳಿಗೂ ಒಲಿಯುತ್ತದೆ. ಅಡ್ಡಪದರಗಳಿಗೆ ಲಂಬವಾಗಿ ಸೀಳಿಕೊಂಡು ಅದು ನೇರ ಗೋಡೆಗಳಾಗಿ ನಿಲ್ಲುವುದರಿಂದಲೇ, ಇಂದು ಬಂಡೆ ಹತ್ತುವ ಹುಡುಗರು ದೇಶದ ನಾನಾ ಕಡೆಗಳಿಂದ ಇಲ್ಲಿಗೆ ಹಗ್ಗ ಹೊತ್ತು ಬರುತ್ತಾರೆ.

ಕೋಟೆಗೆ ಬೇಕಾದ ಎತ್ತರ, ಜನಕ್ಕೆ ಬೇಕಾದ ನೀರು, ದೇವರಿಗೆ ಮನೆ ಕೊರೆಯಲು ಒಗ್ಗುವ ಕಲ್ಲು, ಈ ಮೂರೂ ಒಂದೇ ಕಣಿವೆಯಲ್ಲಿ ಒದಗಿದ್ದನ್ನು ಮೊದಲು ಗುರುತಿಸಿದ ಅರಸು ಒಂದನೆಯ ಪುಲಿಕೇಶಿ. ಆತನ ಶಾಸನ ಉತ್ತರದ ಗುಡ್ಡದ ಬಂಡೆಯೊಂದರ ಮೇಲಿದೆ. ಶಕವರ್ಷ 465, ಅಂದರೆ ಕ್ರಿ.ಶ. 543. ಅಶ್ವಮೇಧವೇ ಮೊದಲಾದ ಯಾಗಗಳನ್ನು ಮಾಡಿದ ಚಲುಕ್ಯ ವಲ್ಲಭೇಶ್ವರನು ವಾತಾಪಿಯ ಬೆಟ್ಟವನ್ನು ಕೆಳಗಿನಿಂದಲೂ ಮೇಲಿನಿಂದಲೂ ಯಾರೂ ಗೆಲ್ಲಲಾರದ ದುರ್ಗವನ್ನಾಗಿ ಮಾಡಿಸಿದನೆಂದು ಅದು ಹೇಳುತ್ತದೆ. ಅದರ ಭಾಷೆ ಸಂಸ್ಕೃತ. ‘ಕೆಳಗಿನಿಂದಲೂ ಮೇಲಿನಿಂದಲೂ’ ಎಂಬ ಮಾತನ್ನು ಮಾತ್ರ ದಯವಿಟ್ಟು ಗಮನಿಸಬೇಕು. ಹೊಗಳಿಕೆಯ ಮಾತು ಯಾವ ಊರಿಗೂ ಹೊಂದುತ್ತದೆ. ಈ ಮಾತು ಈ ಊರಿಗೆ ಮಾತ್ರ ಹೊಂದುತ್ತದೆ. ಕೆಳಗೆ ನಿಂತು ತಲೆಯೆತ್ತಿ ಆ ಗೋಡೆಗಳನ್ನು ನೋಡಿದವನಿಗೂ, ಮೇಲೆ ಹತ್ತಿ ಸೀಳುಗಳ ನಡುವೆ ದಾರಿ ಹುಡುಕಿ ಬಳಲಿದವನಿಗೂ ಶಾಸನಕಾರ ಕಣ್ಣಾರೆ ನೋಡಿ ಬರೆದಿದ್ದಾನೆಂದು ತಿಳಿಯುತ್ತದೆ.

ಪುಲಿಕೇಶಿಯ ಬಳಿಕ ಕೀರ್ತಿವರ್ಮ, ಅವನ ಬಳಿಕ ತಮ್ಮ ಮಂಗಲೇಶ. ದಕ್ಷಿಣದ ಗುಡ್ಡದಲ್ಲಿ ಗುಹಾಲಯಗಳು ಕೊರೆಯಲ್ಪಟ್ಟದ್ದು ಮುಖ್ಯವಾಗಿ ಈ ಕಾಲದಲ್ಲಿ. ಊರಿನವರು ಅವನ್ನು ಮೇಣಬಸದಿ ಎನ್ನುತ್ತಾರೆ. ಕೆಳಗಿನಿಂದ ಹತ್ತುತ್ತ ಹೋದಂತೆ ಮೊದಲನೆಯದು ಶಿವನದು, ಎರಡನೆಯದೂ ಮೂರನೆಯದೂ ವಿಷ್ಣುವಿನವು, ನಾಲ್ಕನೆಯದು ಜೈನರದು. ಮೊದಲನೆಯ ಗುಹೆಯ ಹೊರಗೆ ಬಲಗಡೆಯ ಬಂಡೆಯಲ್ಲಿ ಹದಿನೆಂಟು ತೋಳಿನ ನಟರಾಜನಿದ್ದಾನೆ. ಮಾರ್ಗದರ್ಶಿಗಳು ಒಂದೊಂದು ಕೈಯನ್ನು ಇನ್ನೊಂದರೊಡನೆ ಜೋಡಿಸಿ ನಾಟ್ಯದ ಎಂಬತ್ತೊಂದು ಭಂಗಿಗಳನ್ನು ತೋರಿಸುತ್ತಾರೆ. ಹೊಸಬರೊಡನೆ ನಿಂತು ಒಮ್ಮೆ ಅದನ್ನು ಕೇಳುವುದು ಒಳ್ಳೆಯದೇ. ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಮೂರನೆಯ ಗುಹೆ.

ನಾಲ್ಕರಲ್ಲಿ ಅದೇ ದೊಡ್ಡದು, ಸುಮಾರು ಎಪ್ಪತ್ತು ಅಡಿ ಅಗಲದ ಮುಖ. ಪಡಸಾಲೆಯ ಎಡತುದಿಯಲ್ಲಿ ಆದಿಶೇಷನ ಸುರುಳಿಯ ಮೇಲೆ ವಿಷ್ಣು ಆರಾಮವಾಗಿ ಕುಳಿತಿದ್ದಾನೆ. ಮಲಗಿದ ವಿಷ್ಣುವನ್ನೇ ಕಂಡ ಕಣ್ಣಿಗೆ ಅದೊಂದು ಬೆರಗು. ನರಸಿಂಹನೂ ತ್ರಿವಿಕ್ರಮನೂ ಆಳೆತ್ತರವನ್ನು ಮೀರಿ ನಿಂತಿದ್ದಾರೆ. ಕಂಬಗಳ ಮೇಲಿನ ಚಾಚುಗಳಲ್ಲಿ ಮರದ ಕೆಳಗೆ ನಿಂತ ಜೋಡಿಗಳಿವೆ. ಚಾವಣಿಯ ಕಡೆ ಕತ್ತೆತ್ತಿ ತಾಳ್ಮೆಯಿಂದ ನೋಡಿದರೆ ಮಾಸಿಹೋದ ಬಣ್ಣದ ಚಿತ್ರಗಳ ಅಳಿದುಳಿದ ಗುರುತುಗಳು ಸಿಗುತ್ತವೆ. ಇಷ್ಟೂ ಕೆಲಸದಲ್ಲಿ ಹೊರಗಿನಿಂದ ತಂದಿಟ್ಟ ಕಲ್ಲು ಎಂಬುದಿಲ್ಲ. ಕಟ್ಟಡ ಕಟ್ಟುವವನು ಬುನಾದಿಯಿಂದ ಮೇಲಕ್ಕೆ ಹೋಗುತ್ತಾನೆ; ಗುಹೆ ಕೊರೆಯುವವನು ಚಾವಣಿಯಿಂದ ಕೆಳಕ್ಕೆ ಬರುತ್ತಾನೆ. ಕಂಬವಾಗಬೇಕಾದ ಕಲ್ಲನ್ನು ಮೊದಲೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಸುತ್ತಲಿನದನ್ನು ತೆಗೆಯಬೇಕು. ಒಂದು ಏಟು ತಪ್ಪಿದರೆ ಬೇರೆ ಕಲ್ಲು ತಂದು ಕೂರಿಸುವ ಹಾಗಿಲ್ಲ. ಆ ಕೆಲಸಗಾರರಲ್ಲಿ ಹಲವರು ತಮ್ಮ ಹೆಸರುಗಳನ್ನು ಅಲ್ಲಲ್ಲಿ ಬಂಡೆಯ ಮೇಲೆ ಕೊರೆದು ಹೋಗಿದ್ದಾರೆ.

ಇದೇ ಗುಹೆಯಲ್ಲಿ ಮಂಗಲೇಶನ ಎರಡು ಶಾಸನಗಳಿವೆ. ನನ್ನ ಇಂದಿನ ಮಾತಿಗೆಲ್ಲ ಅವೇ ಆಧಾರ. ಒಂದು ಒಳಗೆ, ಪಡಸಾಲೆಯಲ್ಲಿದೆ. ಅದರ ಭಾಷೆ ಸಂಸ್ಕೃತ. ಶಕ ಅರಸನ ಪಟ್ಟಾಭಿಷೇಕವಾಗಿ 500 ವರ್ಷಗಳು ಸಂದಾಗ, ಎಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು, ಅಣ್ಣ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ, ಈ ಮಹಾವಿಷ್ಣುಗೃಹವನ್ನು ಮಾಡಿಸಿದೆನೆಂದು ಮಂಗಲೇಶ ಹೇಳುತ್ತಾನೆ. ನಮ್ಮ ದೇಶದ ಗುಹಾಲಯಗಳಲ್ಲಿ ಹೀಗೆ ತಿಥಿಸಹಿತ ಕಾಲ ತಿಳಿಸುವಂಥವು ಬಹಳ ಕಡಿಮೆ. ಆದ್ದರಿಂದಲೇ ಶಿಲ್ಪದ ಇತಿಹಾಸ ಬರೆಯುವವರೆಲ್ಲರಿಗೂ ಈ ಸಾಲುಗಳು ಅಳತೆಗೋಲಾಗಿವೆ. ಅದೇ ಶಾಸನದಲ್ಲಿ ಮನ ಕರಗಿಸುವ ಒಂದು ಮಾತಿದೆ. ಆದಿತ್ಯ, ಅಗ್ನಿ ಮತ್ತು ಮಹಾಜನರ ಸಮಕ್ಷಮದಲ್ಲಿ ಇದರ ಪುಣ್ಯವನ್ನು ಅಣ್ಣನಿಗೆ ಧಾರೆಯೆರೆದು, ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ ಎನ್ನುತ್ತಾನೆ. ಮುಂದೆ ಇದೇ ಮಂಗಲೇಶ ಆ ಅಣ್ಣನ ಮಗನಿಗೆ ಸಲ್ಲಬೇಕಾದ ಪಟ್ಟವನ್ನು ತನ್ನ ಮಗನಿಗೆ ಕೊಡಿಸಲು ಹೋಗಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ಅದನ್ನು ತಿಳಿದು ಈ ಸಾಲನ್ನು ಓದಿದರೆ ಎದೆ ಭಾರವಾಗುತ್ತದೆ. ಬರೆಸಿದ ದಿನ ಅವನು ಮನಃಪೂರ್ವಕವಾಗಿಯೇ ಬರೆಸಿದ್ದನೆಂದು ನಾನು ನಂಬುತ್ತೇನೆ.

ಇನ್ನೊಂದು ಶಾಸನ ಗುಹೆಯ ಹೊರಗಿದೆ. ಅದು ಚಿಕ್ಕದು ಮತ್ತು ಕನ್ನಡದಲ್ಲಿದೆ. ‘ಕಲ್ಮನೆಗೆ ಇತ್ತೊದು ಲಞ್ಜಿಗೇಸರಂ’ ಎಂಬುದು ಅದರ ಮುಖ್ಯ ಸಾಲು. ಕಲ್ಮನೆಗೆ ಕೊಟ್ಟದ್ದು ಲಂಜಿಗೇಸರ ಎಂಬ ಊರು, ಎಂದು ಅರ್ಥ. ಒಳಗಿನ ಸಂಸ್ಕೃತ ಶಾಸನದಲ್ಲಿ ಮಹಾವಿಷ್ಣುಗೃಹವಾಗಿದ್ದದ್ದು ಹೊರಗಿನ ಕನ್ನಡದಲ್ಲಿ ‘ಕಲ್ಮನೆ’ ಆಗಿದೆ. ಕಲ್ಲು, ಮನೆ, ಎರಡೂ ನಮ್ಮ ದಿನಬಳಕೆಯ ಮಾತುಗಳೇ. ಹದಿನಾಲ್ಕು ಶತಮಾನಗಳ ಹಿಂದೆ ಬರೆದ ಮಾತನ್ನು ಇಂದಿನ ಒಂದನೆಯ ತರಗತಿಯ ಹುಡುಗಿಗೆ ಹೇಳಿದರೂ ಆಕೆಗೆ ತಿಳಿಯುತ್ತದೆ. ಮುಂದೆ, ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೆ ಸಲ್ಲಬೇಕಾದ ಪಾಲನ್ನು ಶಾಸನ ನಿಗದಿಪಡಿಸುತ್ತದೆ. ಕೊನೆಯಲ್ಲಿ, ಇದನ್ನು ಅಳಿಸಿದವನು ಪಂಚಮಹಾಪಾತಕನಾಗಲಿ, ‘ಏೞನೆಯಾ ನರಕದಾ ಪುೞು’ ಆಗಲಿ, ಏಳನೆಯ ನರಕದ ಹುಳುವಾಗಲಿ, ಎಂಬ ಶಾಪವಿದೆ. ಲಂಜಿಗೇಸರವೆಂದರೆ ಮಹಾಕೂಟದ ಬಳಿಯ ಇಂದಿನ ನಂದಿಕೇಶ್ವರ ಎಂದು ಶಾಸನ ವಿದ್ವಾಂಸರು ಗುರುತಿಸಿದ್ದಾರೆ.

ನಾನು ಹೇಳಬೇಕೆಂದಿರುವ ಸಂಗತಿ ಈ ಎರಡು ಶಾಸನಗಳ ನಡುವೆಯೇ ಇದೆ. ಯಾಗ, ಕೀರ್ತಿ, ಶಕವರ್ಷ, ಪುಣ್ಯದ ಧಾರೆ, ಇವೆಲ್ಲ ಸಂಸ್ಕೃತದಲ್ಲಿ. ಯಾವ ಊರು, ಯಾರಿಗೆ ಎಷ್ಟು, ಕೆಡಿಸಿದವನಿಗೆ ಏನು, ಇವು ಕನ್ನಡದಲ್ಲಿ. ಒಂದು ಮಾತು ಮುಂದಿನ ಕಾಲಕ್ಕೂ ದೂರದ ಅರಸರಿಗೂ ಹೇಳಿದ್ದು. ಇನ್ನೊಂದು ಮಾರನೆಯ ದಿನ ಬೆಳಗ್ಗೆ ಹೂವಿನ ಬುಟ್ಟಿ ಹಿಡಿದು ಮೆಟ್ಟಿಲು ಹತ್ತುವವನಿಗೆ ಹೇಳಿದ್ದು. ಇದನ್ನು ಕನ್ನಡಕ್ಕೆ ಮಾಡಿದ ಅವಮಾನವೆಂದು ಓದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಜನ ತಪ್ಪದೆ ತಿಳಿದುಕೊಳ್ಳಲೇಬೇಕಾದ ಮಾತನ್ನು ಜನರ ನುಡಿಯಲ್ಲಿ ಬರೆಸಬೇಕೆಂಬ ಅರಿವು ಆ ಅರಸನಿಗಿತ್ತು. ಹಲ್ಮಿಡಿಯ ಶಾಸನ ಇದಕ್ಕಿಂತ ಹಳೆಯದೇನೋ ಸರಿ. ಅದರಲ್ಲಿ ಸಂಸ್ಕೃತದ ಉದ್ದನೆಯ ಸಮಾಸಗಳ ನಡುವೆ ಕನ್ನಡ ಹಣಿಕುತ್ತದೆ. ಕಲ್ಮನೆಯ ಶಾಸನದಲ್ಲಿ ಕನ್ನಡ ತನ್ನ ಮನೆಯ ಹೊಸ್ತಿಲಲ್ಲೇ ನಿಂತು ಮಾತನಾಡುತ್ತದೆ.

ಇಮ್ಮಡಿ ಪುಲಿಕೇಶಿಯ ಕಥೆಯನ್ನು ತಾವು ಬಲ್ಲಿರಿ, ಬೇಗ ದಾಟುತ್ತೇನೆ. ನರ್ಮದೆಯ ದಡದಲ್ಲಿ ಉತ್ತರದ ಹರ್ಷನನ್ನು ತಡೆದದ್ದು, ಐಹೊಳೆಯ ಮೇಗುಟಿಯ ಜಿನಾಲಯದಲ್ಲಿ 634-35ರಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ ಭಾರವಿಯರ ಸಮಾನನೆಂದು ಹೇಳಿಕೊಂಡು ಆ ಗೆಲುವುಗಳನ್ನು ಹಾಡಿದ್ದು, ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಈ ನಾಡಿನ ಜನರ ಸ್ವಾಭಿಮಾನವನ್ನು ಬರೆದಿಟ್ಟದ್ದು, ಎಲ್ಲವೂ ಆ ಕಾಲದ್ದೇ. 642ರಲ್ಲಿ ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಹಿಡಿದ. ಮೇಲಿನಿಂದಲೂ ಕೆಳಗಿನಿಂದಲೂ ಯಾರೂ ಗೆಲ್ಲಲಾರರೆಂದು ಅಜ್ಜ ಬರೆಸಿದ ಕೋಟೆ ಬಿತ್ತು. ಗೆದ್ದವನು ‘ವಾತಾಪಿಕೊಂಡ’ನೆಂಬ ಬಿರುದು ಧರಿಸಿ, ಇದೇ ಊರಿನ ಬಂಡೆಯೊಂದರ ಮೇಲೆ ತನ್ನ ಶಾಸನವನ್ನೂ ಕೊರೆಸಿದ. ತಮಿಳುನಾಡಿನಲ್ಲಿ ಇಂದಿಗೂ ಪೂಜೆಗೊಳ್ಳುವ ವಾತಾಪಿ ಗಣಪತಿ ಆ ದಂಡಯಾತ್ರೆಯಲ್ಲಿ ಇಲ್ಲಿಂದ ಹೋದದ್ದೆಂಬ ಐತಿಹ್ಯವಿದೆ. ಹದಿಮೂರು ವರ್ಷಗಳ ಸುಮಾರಿಗೆ ಪುಲಿಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ರಾಜ್ಯವನ್ನು ಮರಳಿ ಪಡೆದ.

ಈಗ ಕೆರೆಯ ಆಚೆಯ ದಂಡೆಗೆ, ತಟ್ಟುಕೋಟೆಯ ಕಡೆಗೆ ಹೋಗೋಣ. ಅಲ್ಲಿ ಎತ್ತರದ ಬಂಡೆಯ ಮೈಮೇಲೆ ಹತ್ತು ಸಾಲುಗಳ ಒಂದು ಶಾಸನವಿದೆ. ವಿದ್ಯಾರ್ಥಿಯಾಗಿದ್ದಾಗ ನಮ್ಮ ಗುರುಗಳೊಬ್ಬರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಮಧ್ಯಾಹ್ನ ತಲುಪಿದೆವು, ನೆತ್ತಿಯ ಬಿಸಿಲಿನಲ್ಲಿ ಬಂಡೆ ಬರಿಯ ಬಂಡೆಯಾಗಿತ್ತು, ಅಕ್ಷರಗಳೆಲ್ಲ ಕಲ್ಲಿನ ಒರಟಿನಲ್ಲಿ ಅಡಗಿದ್ದವು. ‘ಅವಸರ ಮಾಡಬೇಡ್ರಿ, ಹೊತ್ತು ಇಳೀಲಿ’ ಎಂದು ಗುರುಗಳು ನೆರಳಿಗೆ ಹೋಗಿ ಕುಳಿತರು. ನಾವು ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ಬೆಳಕು ಓರೆಯಾದಂತೆ ಪ್ರತಿಯೊಂದು ಗೀಟಿನ ಒಂದು ಬದಿಯಲ್ಲಿ ಕೂದಲೆಳೆಯಷ್ಟು ನೆರಳು ಬಿತ್ತು; ಆ ನೆರಳೇ ಅಕ್ಷರವಾಗಿ ಕೂಡಿಕೊಂಡು ಸಾಲುಸಾಲಾಗಿ ಎದ್ದುಬಂತು. ಗುರುಗಳು ಎದ್ದುನಿಂತು, ಬೆರಳನ್ನು ಕಲ್ಲಿಗೆ ಮುಟ್ಟಿಸದೆ ಗಾಳಿಯಲ್ಲೇ ಆಡಿಸುತ್ತ ಓದಿದರು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆಱನಲ್ಲ

ಒಳ್ಳೆಯವನಿಗೆ ಒಳ್ಳೆಯವನು, ಸವಿಯಾದವನಿಗೆ ಸವಿಯಾದವನು, ಪೀಡಿಸುವ ಕಲಿಗೆ ಕಲಿಯುಗ ವಿಪರೀತನು, ಈತ ಮಾಧವನೇ ಹೊರತು ಬೇರೆಯವನಲ್ಲ. ‘ಪೆಱ’ ಎಂಬಲ್ಲಿ ಬರುವ ಶಕಟರೇಫೆ, ಎಂದರೆ ಱ ಅಕ್ಷರ, ನಮ್ಮ ಬರವಣಿಗೆಯಿಂದ ಮರೆಯಾಗಿ ಎಷ್ಟೋ ಕಾಲವಾಯಿತು. ಬಂಡೆಯ ಮೇಲೆ ಅದು ದುಂಡಾಗಿ ನಿಂತಿದೆ. ಇದು ಕಪ್ಪೆ ಅರಭಟ್ಟನ ಶಾಸನ. ಲಿಪಿಯನ್ನು ನೋಡಿ ಇದನ್ನು ಕ್ರಿ.ಶ. 700ರ ಆಸುಪಾಸಿನದೆಂದು ಹೇಳುತ್ತಾರೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಜೆ.ಎಫ್. ಫ್ಲೀಟ್ ಇದನ್ನು ಓದಿ ಪ್ರಕಟಿಸಿದ ಮೇಲೆ ಕನ್ನಡ ಛಂದಸ್ಸಿನ ಚರಿತ್ರೆಯಲ್ಲಿ ಇದಕ್ಕೊಂದು ಸ್ಥಿರವಾದ ಜಾಗ ದೊರಕಿತು, ಏಕೆಂದರೆ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ತ್ರಿಪದಿಗಳು ಇಲ್ಲಿವೆ.

ಈ ಶಾಸನದಲ್ಲಿ ಅರಸನ ಹೆಸರಿಲ್ಲ, ದಾನದ ಮಾತಿಲ್ಲ, ಶಕವರ್ಷವೂ ಇಲ್ಲ. ರಾಜಧಾನಿಯ ಹೆಬ್ಬಂಡೆಯ ಮೇಲೆ, ಅರಸನ ಪ್ರಸ್ತಾಪವನ್ನೇ ಮಾಡದೆ, ಒಬ್ಬ ಮನುಷ್ಯನ ಗುಣವನ್ನು ಮಾತ್ರ ಬರೆದಿದ್ದಾರೆ. ನಡುವೆ ಒಂದು ಸಂಸ್ಕೃತ ಶ್ಲೋಕ ಬರುತ್ತದೆ: ತೇಜಸ್ವಿಯಾದವನಿಗೆ ಮಾನಭಂಗಕ್ಕಿಂತ ಸಾವೇ ಲೇಸು, ಸಾವಿನ ದುಃಖ ಒಂದು ಕ್ಷಣದ್ದು, ಮಾನಭಂಗದ್ದು ದಿನದಿನವೂ ಇರುವಂಥದ್ದು. ಆ ಬಳಿಕ ಮತ್ತೆ ಕನ್ನಡ. ಕೊನೆಯ ತ್ರಿಪದಿಯನ್ನು ಕೇಳಬೇಕು:

ಕಟ್ಟಿದ ಸಿಂಘಮನ್ ಕೆಟ್ಟೊದೇನೆಮಗೆಂದು
ಬಿಟ್ಟವೋಲ್ ಕಲಿಗೆ ವಿಪರೀತಂಗಹಿತರ್ಕ್ಕಳ್
ಕೆಟ್ಟರ್ ಮೇಣ್ ಸತ್ತರ್ ಅವಿಚಾರಂ

ಕಟ್ಟಿಹಾಕಿದ ಸಿಂಹವನ್ನು ‘ನಮಗೇನು ಕೆಟ್ಟೀತು’ ಎಂದುಕೊಂಡು ಬಿಚ್ಚಿಬಿಟ್ಟವರ ಹಾಗೆ, ಇವನ ಹಗೆಗಳು ವಿಚಾರವಿಲ್ಲದೆ ಕೆಟ್ಟರು, ಸತ್ತರು. ‘ಕೆಟ್ಟೊದೇನೆಮಗೆ’ ಎಂಬುದು ಬಾಯಿಮಾತು. ಯಾರೋ ಭುಜ ಕುಣಿಸಿ ಆಡಿದ ಮಾತು ಹಾಗೆಯೇ ಪದ್ಯದೊಳಕ್ಕೆ ಬಂದಿದೆ. ಅದು ಬಂದದ್ದರಿಂದಲೇ ಪದ್ಯಕ್ಕೆ ಜೀವ ಬಂದಿದೆ. ಕಲ್ಮನೆಯ ಹೊರಗೆ ಹೂವಾಡಿಗರ ಪಾಲು ಹೇಳಿದ ಕನ್ನಡ, ಸುಮಾರು ನೂರಿಪ್ಪತ್ತು ವರ್ಷಗಳೊಳಗೆ, ಅದೇ ಕೆರೆಯ ಇನ್ನೊಂದು ದಂಡೆಯಲ್ಲಿ ಹೊಗಳಿಕೆಗೂ ನಿಂದೆಗೂ ಉಪಮೆಗೂ ಒಗ್ಗಿತ್ತು. ಸಂಸ್ಕೃತದ ಶ್ಲೋಕದ ಪಕ್ಕದಲ್ಲಿ, ಅದಕ್ಕಿಂತ ಹೆಚ್ಚು ಜಾಗ ಪಡೆದು, ತನ್ನದೇ ದೇಸಿ ಛಂದಸ್ಸಿನಲ್ಲಿ ನಿಂತಿತ್ತು. ಆ ಮೂರು ಸಾಲಿನ ಅಳತೆ ಮುಂದೆ ಸರ್ವಜ್ಞನ ಕೈಗೆ ಬಂತು, ಗರತಿಯರ ಬೀಸುವ ಪದಗಳಿಗೆ ಬಂತು. ಬಾದಾಮಿಯ ಸುತ್ತಿನ ಹಳ್ಳಿಗಳಲ್ಲಿ ನಸುಕಿನಲ್ಲಿ ಜೋಳ ಬೀಸುತ್ತ ಹೆಂಗಸರು ಹಾಡಿದ್ದೂ ಇದೇ ಅಳತೆಯಲ್ಲಿ. ಕಲ್ಲಿನ ಮೇಲಿನ ಪದ್ಯವನ್ನು ಅವರು ಓದಿರಲಿಲ್ಲ, ಓದಬೇಕಾಗಿಯೂ ಇರಲಿಲ್ಲ.

ಉತ್ತರದ ಗುಡ್ಡದ ಅಂಚಿನಲ್ಲಿ, ಒಂದು ಕೋಡುಬಂಡೆಯ ಮೇಲೆ ಮಾಲೆಗಿತ್ತಿ ಶಿವಾಲಯವಿದೆ. ಇಲ್ಲಿಗೆ ಬರುವ ಹೊತ್ತಿಗೆ ಶಿಲ್ಪಿಗಳು ಬಂಡೆಯೊಳಗಿನಿಂದ ಹೊರಬಂದು, ಕಲ್ಲಿನ ಮೇಲೆ ಕಲ್ಲು ಇಟ್ಟು ಕಟ್ಟುವುದನ್ನು ರೂಢಿಸಿಕೊಂಡಿದ್ದರು. ಚಿಕ್ಕ ಗುಡಿ, ಬಾದಾಮಿಯ ಕಟ್ಟಡಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಗೋಡೆಗಳಲ್ಲಿ ಹೆಚ್ಚಿನ ಅಲಂಕಾರವಿಲ್ಲ. ಬಂಡೆಯೂ ಗುಡಿಯೂ ಒಂದೇ ಕಲ್ಲಿನವಾದ್ದರಿಂದ ಬಂಡೆ ಎಲ್ಲಿ ಮುಗಿದು ಗುಡಿ ಎಲ್ಲಿ ಶುರುವಾಯಿತೆಂದು ದೂರದಿಂದ ತಟ್ಟನೆ ತಿಳಿಯುವುದಿಲ್ಲ. ಆರ್ಯಮಿಂಚಿ ಉಪಾಧ್ಯಾಯನೆಂಬ ಶಿಲ್ಪಾಚಾರ್ಯನ ಹೆಸರನ್ನು ಅಲ್ಲಿಯ ಶಾಸನ ಉಳಿಸಿದೆ. ಜನ ಉಳಿಸಿದ ಹೆಸರು ಮಾತ್ರ ಮಾಲೆಗಿತ್ತಿಯದು, ಹೂಮಾಲೆ ಕಟ್ಟುವವಳದು. ಒಂದು ದಂಡೆಯ ಶಾಸನದಲ್ಲಿ ಮಾಲೆಗಾರರ ಪಾಲು, ಇನ್ನೊಂದು ದಂಡೆಯ ಗುಡಿಗೆ ಮಾಲೆಗಿತ್ತಿಯ ಹೆಸರು. ಇವೆರಡಕ್ಕೂ ನಂಟು ಕಟ್ಟಲು ನಾನು ಹೋಗುವುದಿಲ್ಲ. ಆದರೆ ಚಲುಕ್ಯರ ಅರಮನೆಯೊಂದೂ ಇಡಿಯಾಗಿ ಉಳಿಯದ ಈ ಊರಿನಲ್ಲಿ ಹೂ ಕಟ್ಟುವವರ ನೆನಪು ಎರಡು ಕಡೆ ಉಳಿದಿದೆ ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಎಂಟನೆಯ ಶತಮಾನದ ನಡುವಿನಲ್ಲಿ ರಾಷ್ಟ್ರಕೂಟರು ಮೇಲೆದ್ದರು; ಬಾದಾಮಿ ರಾಜಧಾನಿಯ ಪಟ್ಟವನ್ನು ಕಳೆದುಕೊಂಡಿತು. ಕೋಟೆಯನ್ನು ಮಾತ್ರ ಯಾರೂ ಬಿಟ್ಟುಕೊಡಲಿಲ್ಲ. ವಿಜಯನಗರದವರು, ಆದಿಲಶಾಹಿಗಳು, ಮರಾಠರು, ಟಿಪ್ಪು, ಎಲ್ಲರೂ ಕೈಯಾಡಿಸಿದರು. 1786ರಲ್ಲಿ ಮರಾಠರೂ ನಿಜಾಮನೂ ಕೂಡಿ ಟಿಪ್ಪುವಿನಿಂದ ಹಿಡಿದರು, 1818ರಲ್ಲಿ ಥಾಮಸ್ ಮನ್ರೋ ಬ್ರಿಟಿಷರಿಗಾಗಿ ಹಿಡಿದ. ಗುಡ್ಡದ ಮೇಲಿನ ಬುರುಜುಗಳೂ ಕಣಜಗಳೂ ಈ ಕಾಲಗಳವು. ಗುಹೆಗಳ ಬುಡದಲ್ಲೇ ಮಲಿಕ್ ಅಬ್ದುಲ್ ಅಜೀಜನ ಗೋರಿಯಿದೆ. ಅದರ ಗುಮ್ಮಟವೂ ಕೆರೆಯ ನೋಟದ ಒಂದು ಭಾಗವೇ ಆಗಿ ಹೋಗಿದೆ.

ಐದು ಕಿಲೋಮೀಟರ್ ಆಚೆ ಚೊಳಚಗುಡ್ಡದಲ್ಲಿ ಬನಶಂಕರಿ. ಬನದ ಹುಣ್ಣಿಮೆಯ ಜಾತ್ರೆಗೆ ನಾಟಕ ಕಂಪನಿಗಳು ಸಾಲಾಗಿ ತೆರೆ ಕಟ್ಟುತ್ತವೆ. ರಾತ್ರಿಯೆಲ್ಲ ಒಂದು ನಾಟಕ ಮುಗಿಸಿ ಇನ್ನೊಂದಕ್ಕೆ ಓಡುವ ಜನರನ್ನು ನೋಡಿದವರಿಗೆ, ಉತ್ತರ ಕರ್ನಾಟಕದ ರಂಗಭೂಮಿ ಯಾರ ಬಲದ ಮೇಲೆ ಬದುಕಿತೆಂದು ಬೇರೆ ಹೇಳಬೇಕಾಗಿಲ್ಲ. ಇನ್ನೊಂದು ಕಡೆ ಮಹಾಕೂಟ, ಬೇಸಿಗೆಯಲ್ಲೂ ತಣ್ಣನೆಯ ಒರತೆಯ ಹೊಂಡ. ಅಲ್ಲಿದ್ದ ಮಂಗಲೇಶನ ಕಂಬವನ್ನು, ಕ್ರಿ.ಶ. 602ರ ಶಾಸನ ಸಮೇತ, ವಿಜಯಪುರದ ವಸ್ತುಸಂಗ್ರಹಾಲಯದಲ್ಲಿ ಈಗ ನೋಡಬಹುದು.

ಒಂದು ಚಿಂತೆಯನ್ನು ತಮ್ಮ ಮುಂದಿಡದೆ ಇರಲಾರೆ. ಉಳಿಗೆ ಒಲಿದ ಕಲ್ಲು ಗಾಳಿಗೂ ನೀರಿಗೂ ಒಲಿಯುತ್ತದೆ. ಮಳೆಯ ನೀರು ಪದರಗಳ ನಡುವೆ ಇಳಿದು ಗುಹೆಗಳ ಗೋಡೆಗಳಲ್ಲಿ ಜಿನುಗುತ್ತದೆ. ಒಣಗುವಾಗ ಮೇಲಿನ ಕಣಗಳನ್ನು ಸಡಿಲಿಸುತ್ತದೆ. ಇದು ನಿಸರ್ಗದ ಕೆಲಸ, ತಜ್ಞರು ಅದಕ್ಕೆ ತಕ್ಕ ಉಪಾಯಗಳನ್ನು ಮಾಡುತ್ತಿದ್ದಾರೆ. ಕೈ ಸವರುವುದು, ಒರಗಿ ನಿಂತು ಚಿತ್ರ ತೆಗೆಸಿಕೊಳ್ಳುವುದು, ಮೊಳೆಯಿಂದ ಹೆಸರು ಗೀಚುವುದು ನಿಸರ್ಗದ ಕೆಲಸವಲ್ಲ. ನಮ್ಮ ಗುರುಗಳು ಬೆರಳನ್ನು ಗಾಳಿಯಲ್ಲಿ ಆಡಿಸಿ ಓದಿದ್ದು ಏಕೆಂದು ಅಂದು ನಾವು ಕೇಳಿರಲಿಲ್ಲ. ಕೆಲವು ವರ್ಷಗಳ ಬಳಿಕ ಒಂದು ಶಿಲ್ಪದ ಮೊಣಕಾಲು, ಮುಟ್ಟಿದವರ ಕೈಗಳಿಂದಲೇ ನುಣುಪಾಗಿ ಹೊಳೆಯುತ್ತಿದ್ದುದನ್ನು ಕಂಡಾಗ ತಾನಾಗಿಯೇ ತಿಳಿಯಿತು.

ಇನ್ನೊಂದು ಶಾಸನದ ಮಾತು ಹೇಳಿ ಮುಗಿಸುತ್ತೇನೆ. ಅದು ಬಾದಾಮಿಯಲ್ಲಿ ಇಲ್ಲ. ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ. ಅದನ್ನು ಕಟ್ಟಿದ ಗುಂಡನೆಂಬ ಸೂತ್ರಧಾರಿಗೆ ಸಂದ ಮರ್ಯಾದೆಗಳನ್ನು ಅಲ್ಲಿಯ ಕನ್ನಡ ಶಾಸನಗಳು ಹೇಳುತ್ತವೆ. ಮುತ್ತಜ್ಜನ ತಂದೆಯ ಕಾಲದಲ್ಲಿ ವಾತಾಪಿಯನ್ನು ಹಿಡಿದವರ ರಾಜಧಾನಿ ಈಗ ವಿಕ್ರಮಾದಿತ್ಯನ ಕೈಯಲ್ಲಿತ್ತು. ಅವನು ಕಂಚಿಯ ರಾಜಸಿಂಹೇಶ್ವರ ದೇಗುಲಕ್ಕೆ, ನಾವು ಇಂದು ಕೈಲಾಸನಾಥ ಎನ್ನುವ ಗುಡಿಗೆ, ಹೋದ; ಅಲ್ಲಿದ್ದ ಐಶ್ವರ್ಯವನ್ನು ನೋಡಿದ; ಅದನ್ನು ಕೊಳ್ಳೆ ಹೊಡೆಯದೆ ದೇವರಿಗೇ ಮರಳಿ ಬಿಟ್ಟುಕೊಟ್ಟ. ಹಾಗೆ ಬಿಟ್ಟುಕೊಟ್ಟದ್ದನ್ನು ಆ ಗುಡಿಯ ಕಂಬವೊಂದರ ಮೇಲೆ ಬರೆಸಿದ. ವಾತಾಪಿಯ ಬಂಡೆಯ ಮೇಲೆ ಅಶ್ವಮೇಧದ ಕೀರ್ತಿಯನ್ನು ಬರೆಯಲು ಸಂಸ್ಕೃತವೇ ಬೇಕೆಂದುಕೊಂಡ ಮನೆತನ, ಇನ್ನೂರು ವರ್ಷಗಳ ಬಳಿಕ, ತಮಿಳರ ರಾಜಧಾನಿಯಲ್ಲಿ ನಿಂತು, ತನ್ನ ಅತಿ ದೊಡ್ಡ ಗೆಲುವಿನ ಮಾತನ್ನು ಬರೆಸಿದ್ದು ಕನ್ನಡದಲ್ಲಿ. ಆ ದೇಗುಲವೂ ಬಹುಪಾಲು ಮರಳುಗಲ್ಲಿನದೇ. ನಾನು ಹೋದ ದಿನ ಮೋಡ ಕವಿದಿತ್ತು, ಓರೆ ಬೆಳಕು ಸಿಗಲಿಲ್ಲ. ಕಂಬದ ಹಿಂಬದಿಗೆ ಹೋಗಿ ಮುಖವನ್ನು ಕಲ್ಲಿನ ಹತ್ತಿರಕ್ಕೆ ಒಯ್ದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದೊಂದೇ ಅಕ್ಷರವನ್ನು ಕೂಡಿಸಿ ಓದಿದೆ.